ಆ ಕಲ್ಲು ಏನು ಹೇಳುತ್ತದೋ ಅಷ್ಟನ್ನೇ ಹೇಳಿ

ಚಿತ್ತಾಪುರದ ಗೆಳೆಯರಿಗೆ ನಮಸ್ಕಾರ.

ಹೊಸ ಸಾಕ್ಷ್ಯಚಿತ್ರಗಳ ವಿಶೇಷಾಂಕಕ್ಕೆ ನೀವು ಕಳಿಸಿದ, ಅಶೋಕನ ಶಾಸನ ಸಿಕ್ಕ ಸನ್ನತಿ ಊರಿನ ಮೇಲಿನ ಚಿತ್ರಕಥೆ ಓದಿದೆ. ಶ್ರಮಪಟ್ಟಿದ್ದೀರಿ, ಅದು ಕಾಣುತ್ತದೆ. ಊರಿನ ಅಜ್ಜಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದದೆ ಇಟ್ಟಿದ್ದೀರಿ, ಒಳ್ಳೆಯದಾಯಿತು. ಸಂಗೀತ, ಶೀರ್ಷಿಕೆ, ಭಾಗಗಳ ಹಂಚಿಕೆ ಇವನ್ನೆಲ್ಲ ಈಗ ಬಿಡುತ್ತೇನೆ. ಎರಡು ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬಂದಿದೆ. ಅವನ್ನಷ್ಟೇ ಬರೆಯುತ್ತೇನೆ.

ನಿಮ್ಮ ನಿರೂಪಣೆಯಲ್ಲಿ ಪುಟಪುಟಕ್ಕೂ ‘ಎಂದು ನಂಬಲಾಗಿದೆ’, ‘ಎನ್ನಲಾಗುತ್ತದೆ’ ಬರುತ್ತದೆ. ನಂಬಿದವರು ಯಾರು? ಊರವರೋ, ಉತ್ಖನನ ಮಾಡಿದವರೋ, ನೀವೋ? ಮೂವರ ಮಾತಿಗೂ ಬೆಲೆ ಇದೆ, ಆದರೆ ಒಂದೇ ಬೆಲೆ ಅಲ್ಲ. ಸಾಲು ಸಾಲಾಗಿ ನೋಡೋಣ.

‘ಸಾಮ್ರಾಟ ಅಶೋಕನು ಸನ್ನತಿಗೆ ಭೇಟಿ ನೀಡಿದ್ದನು ಎಂದು ನಂಬಲಾಗಿದೆ.’ ಇದಕ್ಕೆ ನಿಮ್ಮ ಬಳಿ ಏನು ಆಧಾರ? ಶಾಸನ ಇದೆ ಎಂದರೆ ಅವನ ಆಡಳಿತದ ಆಜ್ಞೆ ಇಲ್ಲಿಯವರೆಗೆ ತಲುಪಿತ್ತು ಎಂದರ್ಥ. ರಾಜನೇ ಬಂದ ಎಂದಲ್ಲ. ಊರಿನಲ್ಲಿ ಹಾಗೆ ಹೇಳುವವರಿದ್ದರೆ ಅವರನ್ನೇ ಕ್ಯಾಮೆರಾ ಮುಂದೆ ಕೂಡಿಸಿ, ಅವರ ಬಾಯಿಂದಲೇ ಬರಲಿ. ನಿರೂಪಕನ ದನಿಯಲ್ಲಿ ಬಂತೆಂದರೆ ಪ್ರೇಕ್ಷಕ ಅದನ್ನು ಇತಿಹಾಸವೆಂದೇ ಮನೆಗೆ ಒಯ್ಯುತ್ತಾನೆ.

‘ಇದೋ, ಅಶೋಕನ ನಿಜವಾದ ಮುಖ!’ ಇಲ್ಲಿ ನೀವು ತೋರಿಸುವುದು ಸನ್ನತಿಯ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದ ಫಲಕ. ರಾಜ, ರಾಣಿ, ಛತ್ರ ಚಾಮರ ಹಿಡಿದ ಪರಿವಾರ, ಮೇಲೆ ಬ್ರಾಹ್ಮಿಯಲ್ಲಿ ‘ರಾಯಾ ಅಸೋಕೋ’, ಅಂದರೆ ರಾಜ ಅಶೋಕ. ಹೆಸರಿನ ಸಮೇತ ಅಶೋಕನನ್ನು ಕೆತ್ತಿರುವುದು ಬಹಳ ಅಪರೂಪ. ಅದನ್ನು ಹೆಮ್ಮೆಯಿಂದ ಹೇಳಿ. ಆದರೆ ಕೆತ್ತಿದ್ದು ಅಶೋಕ ಸತ್ತು ಶತಮಾನಗಳಾದ ಮೇಲೆ, ಸಾತವಾಹನರ ಕಾಲದಲ್ಲಿ. ಶಿಲ್ಪಿ ಅವನನ್ನು ಕಂಡವನಲ್ಲ. ಅಷ್ಟು ತಲೆಮಾರು ದಾಟಿದರೂ ಭೀಮೆಯ ದಂಡೆಯ ಜನ ಅವನನ್ನು ಹೆಸರು ಹಿಡಿದು ನೆನೆಯುತ್ತಿದ್ದರು ಎಂಬುದು ನಿಮ್ಮ ಸುಳ್ಳಿಗಿಂತ ಎಷ್ಟು ದೊಡ್ಡ ಸುದ್ದಿ! ಮುಂದಿನ ದೃಶ್ಯದಲ್ಲಿ ಕಂಪ್ಯೂಟರಿನಿಂದ ಮಾಡಿಸಿದ ಅಶೋಕನನ್ನು ನಡೆಸುತ್ತೀರಿ. ಈಗಿನ ಸಾಕ್ಷ್ಯಚಿತ್ರಗಳಲ್ಲಿ ಇದೊಂದು ಚಟವಾಗಿದೆ. ಬೇಕೇ ಬೇಕೆಂದರೆ ಆ ದೃಶ್ಯ ಇರುವಷ್ಟು ಹೊತ್ತೂ ಮೂಲೆಯಲ್ಲಿ ‘ಕಲ್ಪಿತ ದೃಶ್ಯ’ ಎಂಬ ಅಕ್ಷರ ಇರಬೇಕು. ಕೊನೆಯಲ್ಲಿ ಓಡಿಹೋಗುವ ಹೆಸರುಗಳ ನಡುವೆ ಹಾಕಿದರೆ ಸಾಲದು.

‘ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿದೆ.’ ಎರಡು ಬೇರೆ ಕಲ್ಲುಗಳನ್ನು ಒಂದು ಮಾಡಿದ್ದೀರಿ. ಹೆಸರಿರುವುದು ಕನಗನಹಳ್ಳಿಯ ಶಿಲ್ಪದ ಮೇಲೆ. ಸನ್ನತಿಯ ಗುಡಿಯಲ್ಲಿ ಸಿಕ್ಕ ಶಾಸನದ ಬಗೆಯವುಗಳಲ್ಲಿ ರಾಜ ತನ್ನನ್ನು ‘ದೇವಾನಂಪಿಯ ಪಿಯದಸಿ’ (ದೇವರಿಗೆ ಪ್ರಿಯನಾದ ಪ್ರಿಯದರ್ಶಿ) ಎಂದೇ ಕರೆದುಕೊಳ್ಳುತ್ತಾನೆ. ಆ ಬಿರುದಿನ ರಾಜ ಅಶೋಕನೇ ಎಂದು ಖಚಿತವಾಗಿದ್ದು 1915ರಲ್ಲಿ, ನಮ್ಮ ಕಡೆಯದೇ ಆದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದ. ಈ ಸಂಬಂಧ ನಿಮ್ಮ ಚಿತ್ರದಲ್ಲಿ ಎಲ್ಲೂ ಇಲ್ಲ.

‘ಈ ಶಾಸನವು ಶಾಂತಿಯ ಸಂದೇಶವನ್ನು ಸಾರುತ್ತದೆ ಎನ್ನಲಾಗುತ್ತದೆ.’ ಎಲ್ಲಕ್ಕಿಂತ ಹೆಚ್ಚು ಬೇಸರ ತಂದ ಸಾಲು ಇದು. ಶಾಸನ ಓದಲು ಬರುತ್ತದೆ, ಅನುವಾದಗಳಿವೆ, ಆದರೂ ‘ಎನ್ನಲಾಗುತ್ತದೆ’ ಯಾಕೆ? ಆ ಕಲ್ಲಿನ ಎರಡೂ ಬದಿಗೆ ಬರಹವಿದೆ. ಅಶೋಕನ ಹದಿನಾಲ್ಕು ಬಂಡೆಶಾಸನಗಳ ಸಾಲಿನ 12 ಮತ್ತು 14ನೆಯ ಶಾಸನಗಳ ಭಾಗಗಳು, ಜೊತೆಗೆ ಆ ಸಾಲಿಗೆ ಸೇರದ ಎರಡು ಪ್ರತ್ಯೇಕ ಶಾಸನಗಳು. ಈ ಪ್ರತ್ಯೇಕ ಶಾಸನಗಳು ಮೊದಲು ಗೊತ್ತಿದ್ದದ್ದು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ. ಅಧಿಕಾರಿಗಳಿಗೆ ಬರೆದ ಆಜ್ಞೆ ಅದು: ‘ಎಲ್ಲ ಮನುಷ್ಯರೂ ನನ್ನ ಮಕ್ಕಳು.’ 12ನೆಯದರಲ್ಲಿ, ತನ್ನ ಮತದ ಮೇಲಿನ ಅಭಿಮಾನಕ್ಕೆ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡಿಕೊಳ್ಳುತ್ತಾನೆ ಎಂದಿದೆ. 14ನೆಯದು ಬರೆಯುವವರೆಲ್ಲ ಓದಬೇಕಾದದ್ದು. ಕೆಲವನ್ನು ಚಿಕ್ಕದಾಗಿ, ಕೆಲವನ್ನು ಮಧ್ಯಮವಾಗಿ, ಕೆಲವನ್ನು ವಿಸ್ತಾರವಾಗಿ ಬರೆಸಿದ್ದೇನೆ, ಎಲ್ಲವೂ ಎಲ್ಲ ಕಡೆಗೂ ಹೊಂದುವುದಿಲ್ಲ, ಕೆಲವೆಡೆ ಬರಹ ಅಪೂರ್ಣವಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಕಾರಣವಿರಬಹುದು ಎನ್ನುತ್ತಾನೆ ರಾಜ. ಇಂಥ ಮಾತು ಕೈಯಲ್ಲಿರುವಾಗ ‘ಶಾಂತಿಯ ಸಂದೇಶ’ ಎಂದು ತೇಲಿಸಿಬಿಟ್ಟಿದ್ದೀರಿ.

ಎರಡನೆಯ ಸಿಟ್ಟು, ಮಾತು ಚಿತ್ರವನ್ನು ತುಳಿಯುವುದು. ಡ್ರೋನ್ ದೃಶ್ಯಕ್ಕೆ 18 ಸೆಕೆಂಡ್ ಎಂದು ಬರೆದಿದ್ದೀರಿ. ಅದರ ಎದುರಿಗಿರುವ ನಿರೂಪಣೆ ಎಣಿಸಿದೆ, 61 ಪದ. ನಮ್ಮ ಪದಗಳು ಉದ್ದ, ವಿಭಕ್ತಿ ಪ್ರತ್ಯಯವೆಲ್ಲ ಅಂಟಿಕೊಂಡೇ ಬರುತ್ತವೆ. ಉಸಿರಾಡಲು ಜಾಗ ಬಿಟ್ಟು ಓದಿದರೆ ನಿಮಿಷಕ್ಕೆ 90 ಪದ ಎಂದು ನಾನು ಲೆಕ್ಕ ಹಿಡಿಯುತ್ತೇನೆ. ಅಂದರೆ 18 ಸೆಕೆಂಡಿಗೆ 27 ಪದ. ನಿಮ್ಮದು ಮುಗಿಯಲು ಸುಮಾರು 41 ಸೆಕೆಂಡ್ ಬೇಕು. ಆಗ ಏನಾಗುತ್ತದೆಂದರೆ, ಓದುವವನು ಓಡುತ್ತಾನೆ, ಇಲ್ಲವೇ ಎಡಿಟಿಂಗ್ ಮಾಡುವವನು ಜಾಗ ತುಂಬಲು ಅದೇ ನದಿಯನ್ನು ಮತ್ತೆ ಮತ್ತೆ ತೋರಿಸುತ್ತಾನೆ. ಆ 61 ಪದದಲ್ಲಿ ಇರುವುದಾದರೂ ಏನು? ‘ಭೀಮಾ ನದಿಯು ಪ್ರಶಾಂತವಾಗಿ ಹರಿಯುತ್ತಿದೆ, ಸುತ್ತಲೂ ತೊಗರಿಯ ಹೊಲಗಳು ಕಂಗೊಳಿಸುತ್ತಿವೆ...’ ಕಾಣುತ್ತಿದೆಯಲ್ಲ!

ಅಜ್ಜಿ ಹೇಳುತ್ತಾಳೆ: ‘ಗುಡಿ ಛತ್ತ ಕುಸಿದು ದೇವಿ ಮೂರ್ತಿ ಒಡದು ಹೋತ್ರಿ. ಪೀಠದ ಕಲ್ಲ ತಗದ್ ನೋಡಿದ್ರ ಅಕ್ಷರ ಇದ್ವು.’ ಇಷ್ಟರಲ್ಲಿ ಎಲ್ಲ ಬಂತು. ಒಡನೆಯೇ ನಿಮ್ಮ ನಿರೂಪಕ ‘ಚಂದ್ರಲಾಂಬಾ ದೇವಾಲಯದ ಆವರಣದಲ್ಲಿನ ಕಾಳಿ ಗುಡಿಯ ಮೇಲ್ಛಾವಣಿಯು ಕುಸಿದು ಬಿದ್ದ ಪರಿಣಾಮವಾಗಿ...’ ಎಂದು ಅದನ್ನೇ ಮತ್ತೆ ಶುರುಮಾಡುತ್ತಾನೆ. ಅಜ್ಜಿ ಹೇಳದೆ ಉಳಿದದ್ದು ವರ್ಷ ಒಂದೇ. ‘1986, ಚಂದ್ರಲಾಂಬಾ ಗುಡಿಯ ಆವರಣ’ ಎಂದು ಪರದೆಯ ಕೆಳಗೆ ಅಕ್ಷರ ಹಾಕಿ, ನಿರೂಪಕನ ಆ ಪ್ಯಾರಾ ಪೂರ್ತಿ ತೆಗೆಯಿರಿ.

ನಾನು ಕೆಲಸ ಕಲಿತದ್ದು ಟೇಪಿನ ಕಾಲದಲ್ಲಿ. ನನಗೆ ಕಲಿಸಿದ ಹಿರಿಯರು ಪ್ರತಿ ಚಿತ್ರವನ್ನೂ ಎರಡು ಬಗೆಯಲ್ಲಿ ಪರೀಕ್ಷಿಸುತ್ತಿದ್ದರು, ಒಮ್ಮೆ ದನಿ ಬಂದ್ ಮಾಡಿ, ಒಮ್ಮೆ ಪರದೆಗೆ ಬಟ್ಟೆ ಹೊದಿಸಿ. ದನಿಯಿಲ್ಲದೆ ತಿಳಿದದ್ದೆಲ್ಲ ನಿರೂಪಣೆಯಿಂದ ಹೋಗಬೇಕು. ಬಟ್ಟೆ ಹೊದಿಸಿದರೂ ಪೂರಾ ತಿಳಿಯುತ್ತದೆಂದರೆ ಅದು ರೇಡಿಯೊ ಭಾಷಣ, ಚಿತ್ರವಲ್ಲ ಎನ್ನುತ್ತಿದ್ದರು. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ, ನೀವೂ ಮಾಡಿ.

ಮಾತು ಕಡಿಮೆಯಾದರೆ ಕಲ್ಲು ಕಾಣಲೇಬೇಕಾಗುತ್ತದೆ. ಶಾಸನದ ದೃಶ್ಯಕ್ಕೆ ‘ಮಧ್ಯಾಹ್ನ, ಪ್ರಖರ ಬೆಳಕು’ ಎಂದಿದ್ದೀರಿ, ಅದು ಆಗದ ಮಾತು. ಬೆಳಕು ನೇರ ಬಿದ್ದರೆ ಅಕ್ಷರದ ಗೀರಿನಲ್ಲಿ ನೆರಳೇ ಇರುವುದಿಲ್ಲ, ಕಲ್ಲು ಬೋಳಾಗಿ ಕಾಣುತ್ತದೆ. ಒಂದೇ ದೀಪ ಸಾಕು. ಅದನ್ನು ಕಲ್ಲಿನ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, 10ರಿಂದ 20 ಡಿಗ್ರಿಯಷ್ಟೇ ಎತ್ತಿ, ಬದಿಯಿಂದ ಹಾಯಿಸಿ. ಕ್ಯಾಮೆರಾ ಅಲುಗಬಾರದು, ದೀಪ ಮಾತ್ರ ನಿಧಾನವಾಗಿ ಸರಿಯಬೇಕು. ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಸುಣ್ಣದ ಪುಡಿ, ಸೀಮೆಸುಣ್ಣ ಹಚ್ಚುವುದು, ನೀರು ಹಾಕುವುದು ಬೇಡವೇ ಬೇಡ, ಪುಡಿ ಗೀರಿನೊಳಗೆ ಕೂತು ಕಲ್ಲಿಗೆ ಕೇಡು. ಮೂರ್ತಿ ನಿಲ್ಲಿಸಲು ಯಾವುದೋ ಕಾಲದಲ್ಲಿ ಆ ಕಲ್ಲಿನಲ್ಲಿ ತೂತು ಕೊರೆದಿದ್ದಾರೆ, ಕೆಲವು ಅಕ್ಷರ ಅಲ್ಲೇ ಹೋಗಿವೆ. ನಿಮ್ಮ 38 ಪುಟದಲ್ಲಿ ಆ ತೂತು ಒಂದು ಕಡೆಯೂ ಇಲ್ಲ. ಅದನ್ನು ಐದಾರು ಸೆಕೆಂಡ್ ತೋರಿಸಿ, ಮೇಲೆ ಮಾತು ಬೇಡ.

ಮತ್ತೆ ಕಳಿಸುವಾಗ ಪೂರ್ತಿ ಚಿತ್ರಕಥೆ ಬೇಡ, ಶಾಸನದ ಭಾಗ ಮತ್ತು ಕನಗನಹಳ್ಳಿಯ ಭಾಗ ಸಾಕು. ಪುಟವನ್ನು ಮೂರು ಅಂಕಣ ಮಾಡಿ. ಎಡಕ್ಕೆ ಚಿತ್ರ ಮತ್ತು ಸೆಕೆಂಡ್, ನಡುವೆ ಮಾತು ಮತ್ತು ಪದಗಳ ಎಣಿಕೆ, ಬಲಕ್ಕೆ ಆ ಮಾತಿಗೆ ಆಧಾರ. ಬಲದ ಅಂಕಣ ಖಾಲಿ ಉಳಿದ ಸಾಲನ್ನು ನಾನು ಓದುವುದಿಲ್ಲ. ಅದಕ್ಕೂ ಮೊದಲು ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಚಿತ್ರೀಕರಣದ ಅರ್ಜಿ ಹಾಕಿ, ಡ್ರೋನಿಗೆ ಅನುಮತಿ ಬೇರೆಯೇ ಕೇಳಿ. ಅದು ಸಿಗದಿದ್ದರೆ ಚಿತ್ರ ಎಲ್ಲಿಂದ ಶುರುವಾಗಬೇಕೆಂದು ಈಗಲೇ ಯೋಚಿಸಿ ಬರೆದಿಡಿ.