ಮುರುಗಲು ಸಿಪ್ಪೆಗೆ ಬೂಸ್ಟು ಬರದಿರಲು

ಕುಮಟಾ ಹತ್ತಿರದ ಹಳ್ಳಿಗೆ ಹೊಸದಾಗಿ ಬಂದಿದ್ದೀರಿ. ಮುರುಗಲು (ಕೋಕಂ, ಪುನರ್ಪುಳಿ) ಹಣ್ಣು ಎಲ್ಲಿ ಸಿಗುತ್ತದೆ, ಒಣಗಿಸಿಟ್ಟ ಸಿಪ್ಪೆಗೆ ಮಳೆಗಾಲದಲ್ಲಿ ಬೂಸ್ಟು ಯಾಕೆ ಬರುತ್ತದೆ ಎಂದು ಕೇಳಿದ್ದೀರಿ.

ಹಣ್ಣಿಗಾಗಿ ಅಂಗಡಿ ಸುತ್ತಬೇಡಿ. ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ಬೆಟ್ಟದ ಅಂಚಿನ ಮನೆಗಳಲ್ಲಿ ವಿಚಾರಿಸಿ. ಕೊಯ್ಯುವವರಿಲ್ಲದೆ ಎಷ್ಟೋ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ, ನೋಡಿದರೆ ಸಂಕಟವಾಗುತ್ತದೆ. ಕೇಳಿದರೆ ಸಂತೋಷದಿಂದ ಕೊಡುತ್ತಾರೆ.

ಬೂಸ್ಟಿಗೆ ಕಾರಣ ಸಿಪ್ಪೆಯೊಳಗೆ ಉಳಿದ ನೀರು. ಸುಮ್ನೆ ಎರಡು ದಿನ ಬಿಸಿಲಿಗೆ ಹಾಕಿದರೆ ಸಾಲದು. ಹಣ್ಣು ಒಡೆದು ಬೀಜ, ತಿರುಳು ಬೇರೆ ಪಾತ್ರೆಗೆ ತೆಗೆಯಿರಿ. ಅದಕ್ಕೆ ಧಾರಾಳವಾಗಿ ಉಪ್ಪು ಬೆರೆಸಿಟ್ಟರೆ ರಸ ಬಿಡುತ್ತದೆ. ಸಿಪ್ಪೆಯನ್ನು ಹಗಲಿಡೀ ಒಣಗಿಸಿ, ಸಂಜೆ ಆ ರಸದಲ್ಲಿ ಅದ್ದಿಡಿ, ಮರುದಿನ ಮತ್ತೆ ಬಿಸಿಲಿಗೆ ಹಾಕಿ. ಹೀಗೆ ನಾಲ್ಕೈದು ಸಲ ಆಗಬೇಕು. ಉಪ್ಪು, ಹುಳಿ ಎರಡೂ ಒಳಗೆ ಇಳಿದರೇನೇ ಸಿಪ್ಪೆ ವರ್ಷವಿಡೀ ಉಳಿಯುವುದು. ಕೊನೆಯಲ್ಲಿ ಅದು ಕಪ್ಪಾಗಿ, ತೊಗಲಿನ ಹಾಗೆ ಬಾಗಬೇಕು. ಕೈಗೆ ಪಸೆ ಅಂಟಿದರೆ ಇನ್ನೂ ಬಿಸಿಲು ಬೇಕು ಎಂದರ್ಥ.

ತುಂಬಿಡಲು ಭರಣಿ ಅಥವಾ ಗಾಜಿನ ಬಾಟಲಿಯೇ ಸರಿ. ಅಲ್ಯೂಮಿನಿಯಂ ಖಂಡಿತ ಬೇಡ, ಹುಳಿ ಅದನ್ನು ತಿನ್ನುತ್ತದೆ. ಒದ್ದೆ ಕೈ ಹಾಕಬೇಡಿ.

ಮಳೆ ಬೇಗ ಬಂತೇ? ಹಾಗಾದರೆ ಒಣಗಿಸುವ ಹಟ ಬಿಡಿ. ಸಿಪ್ಪೆಗೆ ಎರಡು ಪಟ್ಟು ಸಕ್ಕರೆ ಹಾಕಿ, ಗಾಜಿನ ಬಾಟಲಿಯಲ್ಲಿ ಪದರ ಪದರವಾಗಿ ತುಂಬಿ. ಸಕ್ಕರೆ ಕರಗಿದ ಮೇಲೆ ಸೋಸಿದರೆ ಶರಬತ್ತಿಗೆ ಪಾಕ ಸಿದ್ಧ.

ಬೀಜ ಎಸೆಯಬೇಡಿ, ತೊಳೆದು ಒಣಗಿಸಿ. ಅದರಿಂದ ತೆಗೆಯುವ ಮುರುಗಲು ತುಪ್ಪ ಹಿಮ್ಮಡಿ ಬಿರುಕಿಗೆ ಬಹಳ ಒಳ್ಳೆಯದು.