ರೇಷ್ಮೆ ರೀಲಿಂಗ್ ಮಿಷನ್‌ಗೆ ಗನ್‌ಮೆಟಲ್ ಬದಲು ನೈಲಾನ್ ಬುಷ್ ಹಾಕಬಹುದೇ? ನೈಲಾನ್ ಇನ್ನೆಲ್ಲಿ ಬಳಸುತ್ತಾರೆ?

ಹಾಕಬಹುದು. ಆದರೆ ಮಿಷನ್‌ನ ಯಾವ ಜಾಗಕ್ಕೆ ಅನ್ನೋದು ಮುಖ್ಯ. ಬುಷ್ ಅಂದರೆ ಶಾಫ್ಟ್, ಅಂದರೆ ತಿರುಗುವ ಕಂಬಿ, ಒಳಗೆ ತಿರುಗಲು ಕೂರಿಸುವ ಬಳೆ. ಗನ್‌ಮೆಟಲ್ ಅಂದರೆ ತಾಮ್ರಕ್ಕೆ ತವರ ಬೆರೆಸಿದ ಲೋಹ. ನಾನು ಶಿಡ್ಲಘಟ್ಟದಲ್ಲಿ ಲೇತ್ ಕೆಲಸ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳೇ ಜಾಸ್ತಿ.

ನೈಲಾನ್‌ನ ಗುಣ ನಿಜಕ್ಕೂ ದೊಡ್ಡದು. ಎಣ್ಣೆ ಇಲ್ಲದೆಯೂ ತಿರುಗುತ್ತದೆ. ಒಂದು ಹನಿ ಎಣ್ಣೆ ಸಿಡಿದರೂ ನೂಲಿಗೆ ಕಲೆ, ಬೆಲೆ ಬಿತ್ತು ಅಲ್ವಾ? ಸದ್ದು ಕಡಿಮೆ. ಬುಷ್ ಸವೆಯುತ್ತದೆ, ಶಾಫ್ಟ್ ಉಳಿಯುತ್ತದೆ. ತೂಕ ಗನ್‌ಮೆಟಲ್‌ನ ಏಳರಲ್ಲಿ ಒಂದು ಪಾಲೂ ಇಲ್ಲ.

ತೊಂದರೆ ಇರುವುದು ನೀರಿನಿಂದ. ನೈಲಾನ್ ನೀರು ಕುಡಿಯುತ್ತದೆ. ನೈಲಾನ್ 6 ಅನ್ನುವ ಬಗೆ ಪೂರ್ತಿ ನೆನೆದರೆ ತನ್ನ ತೂಕದ ಸುಮಾರು 9 ಪರ್ಸೆಂಟ್ ನೀರು ಹೀರಿ ಊದಿಕೊಳ್ಳುತ್ತದೆ. ಹೊರಗೆ ಬುಷ್ ಕೂರುವ ಕಬ್ಬಿಣದ ಗೂಡು, ಅಂದರೆ ಹೌಸಿಂಗ್, ಬಿಗಿ ಹಿಡಿದಿರುತ್ತದೆ. ಹಾಗಾಗಿ ಊದುವುದೆಲ್ಲ ಒಳಕ್ಕೆ, ತೂತು ಕಿರಿದಾಗುತ್ತದೆ. ಮೊದಲ ಸಲ ನಾನು ಗನ್‌ಮೆಟಲ್‌ಗೆ ಬಿಡುವಷ್ಟೇ ಸಂದು ಬಿಟ್ಟು ನಾಲ್ಕು ಬುಷ್ ಕೊಟ್ಟಿದ್ದೆ. ರೇಷ್ಮೆ ಗೂಡು ಹಾಕುವ ಬಿಸಿನೀರಿನ ಬೇಸಿನ್ ಪಕ್ಕದವು ಎರಡೂ ಕೆಲವೇ ದಿನಗಳಲ್ಲಿ ಶಾಫ್ಟನ್ನು ಕಚ್ಚಿಕೊಂಡವು. ಗೂಡು ಬೆಂದು ಕೂತಿತ್ತು, ಮಿಷನ್ ನಿಂತಿತ್ತು. ಆ ರೀಲರಣ್ಣನ ಮುಖ ಇನ್ನೂ ಕಣ್ಣ ಮುಂದಿದೆ.

ಈಗ ಹೀಗೆ ಮಾಡುತ್ತೇನೆ. ಬುಷ್‌ನ ಗೋಡೆ ತೆಳ್ಳಗೆ ಇಡುತ್ತೇನೆ, ದಪ್ಪ ಇದ್ದಷ್ಟೂ ಊತ ಜಾಸ್ತಿ. ಮೊದಲು ಕೊನೆಯ ಅಳತೆಗಿಂತ ಸ್ವಲ್ಪ ದಪ್ಪವಾಗಿಯೇ ಕಡೆದು, ಒಂದು ದಿನ ಪೂರ್ತಿ ಬಿಸಿನೀರಿನಲ್ಲಿ ನೆನೆಸಿ, ಆಮೇಲೆ ಹೌಸಿಂಗ್‌ಗೆ ಕೂರಿಸಿ ಕೊನೆಯ ಬೋರಿಂಗ್, ಅಂದರೆ ಒಳಗಿನ ತೂತನ್ನು ಅಳತೆಗೆ ಕೊರೆಯುವುದು. ಬೇಸಿನ್‌ನ ಹಬೆ ನೇರವಾಗಿ ಹೊಡೆಯುವ ಜಾಗಕ್ಕೆ ನೈಲಾನ್ ಬೇಡವೇ ಬೇಡ, ಡೆಲ್ರಿನ್ ಅನ್ನುವ ಇನ್ನೊಂದು ಗಟ್ಟಿ ಪ್ಲಾಸ್ಟಿಕ್ ಹಾಕಿಸಿ. ಅದು ನೀರು ಹೀರುವುದು ತುಂಬಾ ಕಡಿಮೆ. ಮೇಲಿನ ರೀಲ್ ಶಾಫ್ಟ್‌ಗೆ ಧೈರ್ಯವಾಗಿ ನೈಲಾನ್ ಹಾಕಬಹುದು.

ಜೋರಾಗಿ ತಿರುಗುವ, ಭಾರ ಬೀಳುವ ಕಡೆ ಎಚ್ಚರ. ನೈಲಾನ್ ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ನೈಲಾನ್ 6 ಕರಗುವುದು ಸುಮಾರು 220 ಡಿಗ್ರಿಗೆ, ಆದರೆ 100 ಡಿಗ್ರಿ ಹತ್ತಿರವೇ ಮೆತ್ತಗಾಗಿ ಸೋಲುತ್ತದೆ. ಬ್ಯಾಟರಿ ಆಸಿಡ್ ತಾಗಿದರೆ ಹಾಳು. ಪೆಟ್ರೋಲ್, ಗ್ರೀಸ್‌ಗೆ ಏನೂ ಆಗುವುದಿಲ್ಲ.

ಬೇರೆ ಬಳಕೆ ಕೇಳಿದಿರಿ. ಗೇರ್, ರೋಲರ್, ಕೇಬಲ್ ಟೈ, ಮೀನು ಬಲೆ, ಟೈರಿನ ಒಳಗಿನ ದಾರ ಎಲ್ಲದರಲ್ಲೂ ಇದೆ. ಗಾಜಿನ ನಾರು ಬೆರೆಸಿದ ನೈಲಾನ್ 66 ಕಾರಿನ ರೇಡಿಯೇಟರ್ ಟ್ಯಾಂಕ್ ಆಗುತ್ತದೆ. ಅಮೆರಿಕದ ಡುಪಾಂಟ್‌ನಲ್ಲಿ ವ್ಯಾಲೆಸ್ ಕ್ಯಾರದರ್ಸ್ ತಂಡ 1935ರಲ್ಲಿ ಇದನ್ನು ತಯಾರಿಸಿತು. 1938ರಲ್ಲಿ ಹಲ್ಲುಜ್ಜುವ ಬ್ರಷ್‌ನ ಎಳೆಯಾಯಿತು. 1940ರಲ್ಲಿ ಹೆಂಗಸರ ಕಾಲುಚೀಲಕ್ಕೆ ಬಂದು ರೇಷ್ಮೆಯ ಮಾರುಕಟ್ಟೆಯನ್ನೇ ಕಿತ್ತುಕೊಂಡಿತು. ಅದೇ ನೈಲಾನ್ ಇವತ್ತು ನಮ್ಮೂರಲ್ಲಿ ರೇಷ್ಮೆ ಬಿಚ್ಚುವ ಮಿಷನ್ ತಿರುಗಿಸುತ್ತಿದೆ. ಕೆಲಸ ಮಾಡುವಾಗ ನನಗೆ ಇದು ಆಗಾಗ ನೆನಪಾಗುತ್ತದೆ.

ಲೇತ್‌ನವರ ಹತ್ತಿರ ಹೋಗುವಾಗ ಹಳೆಯ ಗನ್‌ಮೆಟಲ್ ಬುಷ್ ಜೊತೆ ಶಾಫ್ಟನ್ನೂ ತೆಗೆದುಕೊಂಡು ಹೋಗಿ. ಸವೆದ ಬುಷ್ ಒಂದನ್ನೇ ನೋಡಿದರೆ ಸರಿಯಾದ ಅಳತೆ ಸಿಗುವುದಿಲ್ಲ.