ಓದುಗರ ಪ್ರಶ್ನೆ: ತಾರೆಯರ ನಾಲಗೆ, ನಮ್ಮ ಸಿಟ್ಟು

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಸಿನಿಮಾ ನಟರೋ ಕ್ರಿಕೆಟ್ ಆಟಗಾರರೋ ಇನ್‌ಸ್ಟಾಗ್ರಾಂನಲ್ಲಿ ಏನಾದರೊಂದು ಕೀಳು ಮಾತು ಬರೆದರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ದಿನ ಬೇರೆ ಮಾತೇ ಇರುವುದಿಲ್ಲ. ನೀರಿನ ಟ್ಯಾಂಕರ್ ಬಾರದ ದಿನವೂ ಅಷ್ಟು ಸಿಟ್ಟು ಕಾಣುವುದಿಲ್ಲ. “ಅವರ ಮಾತಿಗೆ ಅಷ್ಟು ಬೆಲೆ ಯಾಕೆ, ಬಿಟ್ಟುಬಿಡಿ” ಎಂದರೆ ನನ್ನ ಮಗಳು “ಅಪ್ಪ, ಬಿಟ್ಟೂ ಬಿಟ್ಟೂ ಇಲ್ಲಿಗೆ ಬಂದಿದೆ” ಎನ್ನುತ್ತಾಳೆ. ಈ ಸಾರ್ವಜನಿಕ ಸಿಟ್ಟಿಗೆ ನಿಜವಾಗಿಯೂ ಅರ್ಥವಿದೆಯೇ?
– ಓದುಗರೊಬ್ಬರು, ವಿಜಯನಗರ

ಉತ್ತರ: ನಿಮ್ಮ ಮಗಳ ಪಕ್ಷವನ್ನೇ ವಹಿಸುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ತಾರೆಯರ ಮಾತಿಗೆ ಅಷ್ಟು ಬೆಲೆ ಯಾಕೆ ಎಂದು ಕೇಳಿದ್ದೀರಿ. ಆ ಬೆಲೆಯನ್ನು ನಿಮ್ಮ ವಾಟ್ಸ್‌ಆ್ಯಪ್ ಗುಂಪು ಕಟ್ಟಿದ್ದಲ್ಲ, ಮಾರುಕಟ್ಟೆ ಕಟ್ಟಿದ್ದು. ಹೆಸರಾಂತ ನಟರೊಬ್ಬರು ತಮ್ಮ ಖಾತೆಯಲ್ಲಿ ಒಂದು ಕೈಗಡಿಯಾರದ ಚಿತ್ರ ಹಾಕಿದರೆ ಕಂಪನಿ ಅದಕ್ಕೆ ಹಣ ಕೊಡುತ್ತದೆ, ಏಕೆಂದರೆ ಅವರು ಹೇಳಿದ್ದನ್ನು ಲಕ್ಷಾಂತರ ಮಂದಿ ನಂಬುತ್ತಾರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹಣವನ್ನೋ ಉಡುಗೊರೆಯನ್ನೋ ಪಡೆದು ಹಾಕಿದ ಪೋಸ್ಟ್ ಜಾಹೀರಾತು ಎಂಬುದನ್ನು ಓದುವವರಿಗೆ ಸ್ಪಷ್ಟವಾಗಿ ಕಾಣುವಂತೆ ತಿಳಿಸಬೇಕು. ದಾರಿ ತಪ್ಪಿಸುವ ಪ್ರಚಾರಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ತಾರೆಯ ಖಾತೆ ಸಾರ್ವಜನಿಕ ವ್ಯವಹಾರದ ಜಾಗ ಎಂದು ಸರ್ಕಾರವೇ ಒಪ್ಪಿದಂತಾಯಿತು. ಸೋಮವಾರ ಆ ಖಾತೆಯಲ್ಲಿ ಸಾಬೂನು ಮಾರಿ, ಮಂಗಳವಾರ ಅದೇ ಖಾತೆಯಲ್ಲಿ ಒಂದು ಸಮುದಾಯವನ್ನು ಹಳಿದು, ಬುಧವಾರ “ಅದು ನನ್ನ ಖಾಸಗಿ ಅಭಿಪ್ರಾಯ” ಎನ್ನುವುದು ನ್ಯಾಯವಲ್ಲ.

ಹಾಗೆಂದು ತಾರೆಯರು ಆಡಿದ ಎಲ್ಲ ಅಹಿತ ಮಾತಿಗೂ ಒಂದೇ ಅಳತೆಯ ಸಿಟ್ಟು ಸಲ್ಲದು. ನಾನು ಮೊದಲು ನೋಡುವುದು ಆ ಮಾತಿನ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು. 2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ತಮ್ಮ ಪಕ್ಷದ ವಾರ್ಷಿಕೋತ್ಸವದ ಫೇಸ್‌ಬುಕ್ ನೇರಪ್ರಸಾರದಲ್ಲಿ, ಟೀಕಾಕಾರರ ಕುರಿತು ಮಾತನಾಡುತ್ತ, ದಲಿತರ ಕೇರಿಯನ್ನು ಹೀನಾಯವಾಗಿ ಕಾಣುವ ಹಳೆಯ ಗಾದೆಯೊಂದನ್ನು ಬಳಸಿದರು. ವಿಡಿಯೊವನ್ನು ತೆಗೆದುಹಾಕಿ ಕ್ಷಮೆಯನ್ನೂ ಕೇಳಿದರು. ಆದರೂ ಬೆಂಗಳೂರಿನಲ್ಲಿ ದೂರು ದಾಖಲಾಯಿತು, ಹೈಕೋರ್ಟ್ ಮಧ್ಯಂತರ ತಡೆ ನೀಡಿತು. “ಗಾದೆ ತಾನೇ, ನಮ್ಮ ಅಜ್ಜಿಯೂ ಹೇಳುತ್ತಿದ್ದರು” ಎಂದು ಆಗ ಅನೇಕರು ಬರೆದದ್ದು ನನಗೆ ನೆನಪಿದೆ. ಅಜ್ಜಿ ಹೇಳಿದ್ದು ಹಜಾರದಲ್ಲಿ, ಕೇಳಿಸಿಕೊಂಡವರು ನಾಲ್ಕು ಜನ. ಇಲ್ಲಿ ಅದೇ ಗಾದೆ ಲಕ್ಷಾಂತರ ಫೋನುಗಳ ಮೂಲಕ, ಯಾರ ಕೇರಿಯನ್ನು ಅದು ಅವಮಾನಿಸುತ್ತದೆಯೋ ಅವರ ಮನೆಯೊಳಕ್ಕೇ ಹೋಯಿತು. ಅವರು ಸಿಟ್ಟಾದದ್ದು ಸರಿ, ಮತ್ತು ಆ ಸಿಟ್ಟಿನಿಂದ ಒಂದು ಪ್ರಯೋಜನವೂ ಆಯಿತು: ಆ ಗಾದೆಯನ್ನು ಲೋಕರೂಢಿ ಎಂದುಕೊಂಡಿದ್ದ ಎಷ್ಟೋ ಮಂದಿ ಮೊದಲ ಬಾರಿಗೆ ಅದರ ಅರ್ಥದ ಕಡೆ ತಿರುಗಿ ನೋಡಿದರು.

ಇದರ ಪಕ್ಕದಲ್ಲಿ ಬೇರೆ ಎರಡು ಪ್ರಸಂಗಗಳನ್ನು ಇಟ್ಟು ನೋಡಿ. 2016ರಲ್ಲಿ ರಮ್ಯಾ ಪಾಕಿಸ್ತಾನ ನರಕವಲ್ಲ, ಅಲ್ಲಿನ ಜನರೂ ನಮ್ಮಂತೆಯೇ ಎಂಬರ್ಥದ ಮಾತನ್ನಾಡಿದ್ದಕ್ಕೆ ಸೋಮವಾರಪೇಟೆಯ ನ್ಯಾಯಾಲಯದಲ್ಲಿ ದೇಶದ್ರೋಹದ ಖಾಸಗಿ ದೂರು ಸಲ್ಲಿಕೆಯಾಯಿತು, ಮಂಗಳೂರಿನಲ್ಲಿ ಅವರ ಕಾರಿನ ಮೇಲೆ ಮೊಟ್ಟೆ ಬಿದ್ದವು. 2023ರಲ್ಲಿ ಚಂದ್ರಯಾನ-3 ಇನ್ನೇನು ಇಳಿಯಬೇಕೆನ್ನುವಾಗ ಪ್ರಕಾಶ್ ರಾಜ್ ಚಹಾ ಸುರಿಯುವ ವ್ಯಕ್ತಿಯ ವ್ಯಂಗ್ಯಚಿತ್ರವೊಂದನ್ನು ಚಂದ್ರನಿಂದ ಬಂದ ಮೊದಲ ಚಿತ್ರವೆಂದು ತಮಾಷೆಯಾಗಿ ಹಂಚಿದ್ದಕ್ಕೆ ಬಾಗಲಕೋಟೆ ಜಿಲ್ಲೆಯಲ್ಲಿ ದೂರು ದಾಖಲಾಯಿತು. ಅದು ಚಂದ್ರನ ಮೇಲೆ ಮೊದಲು ಕಾಲಿಟ್ಟ ಆರ್ಮ್‌ಸ್ಟ್ರಾಂಗ್ ಕಾಲದ ಹಳೆಯ ನಗೆಹನಿ ಎಂದು ಅವರು ಸಮಜಾಯಿಷಿ ಕೊಟ್ಟರು. ಎರಡೂ ನಿಮಗೆ ರುಚಿಸದೆ ಇರಬಹುದು. ವ್ಯಂಗ್ಯಚಿತ್ರ ನನಗೂ ರುಚಿಸಲಿಲ್ಲ, ಸಮಯಪ್ರಜ್ಞೆ ಇರಲಿಲ್ಲ ಎನಿಸಿತು. ಆದರೆ ಅದರಿಂದ ಯಾರೂ ಮರುದಿನ ತಲೆ ತಗ್ಗಿಸಿ ಓಡಾಡಬೇಕಾಗಲಿಲ್ಲ. ಇಸ್ರೋ ಎಂಬ ಸಂಸ್ಥೆಗೆ ಒಂದು ಕಾರ್ಟೂನಿನಿಂದ ಕುಂದು ಬರುವುದಿಲ್ಲ. ಒಪ್ಪಿಗೆಯಾಗದ ಅಭಿಪ್ರಾಯಕ್ಕೆ ಟೀಕೆ ಬರೆದರೆ ಸಾಕು. ಬಡವರನ್ನೋ, ಹೆಣ್ಣುಮಕ್ಕಳನ್ನೋ, ಮೈಬಣ್ಣವನ್ನೋ, ಜಾತಿಯನ್ನೋ ಹಿಡಿದು ತುಳಿಯುವ ಮಾತಿಗೆ ಸಿಟ್ಟು ಬೇಕು. ನಮ್ಮಲ್ಲಿ ಬಹುತೇಕ ಇದು ತಿರುವುಮುರುವಾಗಿದೆ: ಹೆಣ್ಣುಮಕ್ಕಳ ಬಗೆಗಿನ ಹೊಲಸು ಹಾಸ್ಯಕ್ಕೆ ನಗುವ ಇಮೋಜಿ, ರಾಜಕೀಯ ಅಭಿಪ್ರಾಯಕ್ಕೆ ಪೊಲೀಸ್ ದೂರು.

ಎರಡನೆಯದಾಗಿ, ಸಿಟ್ಟು ಏನು ಮಾಡಲು ಹೊರಟಿದೆ ಎಂಬುದು. ಕಮಲ್ ಹಾಸನ್ 2025ರ ಮೇ ತಿಂಗಳಲ್ಲಿ ಚೆನ್ನೈನ ವೇದಿಕೆಯೊಂದರಲ್ಲಿ ಕನ್ನಡ ತಮಿಳಿನಿಂದ ಹುಟ್ಟಿತು ಎಂದರು. ಅದು ಬರೆದ ಮಾತಲ್ಲ, ಆಡಿದ ಮಾತು. ಆದರೂ ಬೆಂಗಳೂರಿಗೆ ಬಂದದ್ದು ಜಾಲತಾಣದ ತುಣುಕಾಗಿ. ಮಾತು ತಪ್ಪು: ಎರಡೂ ಒಂದೇ ಮೂಲ ದ್ರಾವಿಡದಿಂದ ಕವಲೊಡೆದ ಸೋದರ ಭಾಷೆಗಳು ಎಂಬುದು ಭಾಷಾಶಾಸ್ತ್ರಜ್ಞರು ಒಪ್ಪಿರುವ ಸಂಗತಿ. ಕನ್ನಡಿಗರು ಸಿಟ್ಟಾಗಿದ್ದು ಸಹಜ, ಕಮಲ್ ಕ್ಷಮೆ ಕೇಳಲೊಲ್ಲದ್ದು ಆ ಸಿಟ್ಟಿಗೆ ತುಪ್ಪ ಸುರಿಯಿತು. ಆದರೆ ಅವರ ಚಿತ್ರ ಜೂನ್ 5ರಂದು ಬೇರೆಡೆ ಬಿಡುಗಡೆಯಾದಾಗ ಕರ್ನಾಟಕದಲ್ಲಿ ತೆರೆ ಕಾಣಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿದಾಗ, ಪ್ರಮಾಣಪತ್ರ ಪಡೆದ ಚಿತ್ರಕ್ಕೆ ಬಿಡುಗಡೆಯ ಅವಕಾಶ ಇರಲೇಬೇಕು, ಗುಂಪುಗಳು ಬೀದಿಯಲ್ಲಿ ತೀರ್ಮಾನಿಸುವಂತಿಲ್ಲ ಎಂದು ನ್ಯಾಯಪೀಠ ಹೇಳಿತು. ನನ್ನ ನಿಲುವೂ ಅದೇ. ಆ ಚಿತ್ರ ನೋಡಬಾರದೆಂದು ನೀವು ನಿರ್ಧರಿಸಿದರೆ ನಿಮ್ಮ ಟಿಕೆಟಿನ ಹಣ ನಿಮ್ಮ ಜೇಬಿನಲ್ಲೇ ಉಳಿಯುತ್ತದೆ, ನೋಡಬೇಡಿ ಎಂದು ಊರಿಗೆಲ್ಲ ಸಾರುವ ಹಕ್ಕೂ ನಿಮಗಿದೆ. ಪಕ್ಕದ ಮನೆಯವರ ಟಿಕೆಟನ್ನು ಹರಿಯುವ ಹಕ್ಕು ಮಾತ್ರ ಇಲ್ಲ. ಆ ಚಿತ್ರಮಂದಿರದ ಕಾವಲುಗಾರ, ಕ್ಯಾಂಟೀನಿನ ಹುಡುಗ, ಪೋಸ್ಟರ್ ಅಂಟಿಸುವವನು, ಇವರಾರೂ ಕನ್ನಡದ ಹುಟ್ಟಿನ ಬಗ್ಗೆ ಏನನ್ನೂ ಹೇಳಿದವರಲ್ಲ.

ಇನ್ನು ನಿಮ್ಮ ವಾಟ್ಸ್‌ಆ್ಯಪ್ ಗುಂಪಿನ ವಿಷಯ. ಕೆಟ್ಟ ಮಾತಿನ ಸ್ಕ್ರೀನ್‌ಶಾಟನ್ನು “ಛೀ” ಎಂಬ ಒಂದಕ್ಷರ ಸೇರಿಸಿ ಮುಂದಕ್ಕೆ ಕಳಿಸುವವರು ಆ ಮಾತನ್ನು ಖಂಡಿಸಿದ್ದಕ್ಕಿಂತ ಹರಡಿದ್ದೇ ಹೆಚ್ಚು. ಜಾಲತಾಣದ ಯಂತ್ರಕ್ಕೆ ಮೆಚ್ಚುಗೆ, ಛೀಮಾರಿ ಎಂಬ ಭೇದವಿಲ್ಲ, ಎರಡನ್ನೂ ಅದು ಜನರ ಆಸಕ್ತಿ ಎಂದೇ ಎಣಿಸುತ್ತದೆ. ಟ್ಯಾಂಕರಿನ ಬಗ್ಗೆ ನೀವು ಹೇಳಿದ್ದು ಮಾತ್ರ ನೂರಕ್ಕೆ ನೂರು ನಿಜ.

ಪ್ರಶ್ನೆ: ನಾನು ಅಭಿಮಾನಿ ಸಂಘವೊಂದರ ಸದಸ್ಯ. ನಮ್ಮ ಅಣ್ಣ ಬಾಯಿತಪ್ಪಿ ಏನೋ ಬರೆದರು, “ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ” ಎಂದೂ ಬರೆದರು. ಆಮೇಲೂ ಜನ ಬಿಡುತ್ತಿಲ್ಲ. ಸುಮ್ಮನಿದ್ದರೆ ನಾವು ಅಭಿಮಾನಿಗಳು ಯಾಕಿರಬೇಕು?
– ಓದುಗರೊಬ್ಬರು, ಶ್ರೀರಾಮಪುರ

ಉತ್ತರ: “ನೋವಾಗಿದ್ದರೆ” ಎಂಬ ಒಕ್ಕಣೆಯೇ ತೊಂದರೆ ಕೊಡುತ್ತಿರುವುದು. ತಪ್ಪು ತನ್ನದೋ ನೊಂದವರ ತೆಳು ಚರ್ಮದ್ದೋ ಎಂಬುದನ್ನು ಅದು ಇತ್ಯರ್ಥ ಮಾಡದೆ ಬಿಡುತ್ತದೆ. ಏನು ಬರೆದೆ, ಅದು ಯಾಕೆ ತಪ್ಪು ಎಂದು ಎರಡು ಸಾಲಿನಲ್ಲಿ ಹೇಳಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ನೆಪಗಳಂತೂ ಇನ್ನೂ ಕೆಡಿಸುತ್ತವೆ. ಅಮೆರಿಕದ ಹಾಸ್ಯನಟಿ ರೋಸ್ಯಾನ್ ಬಾರ್ 2018ರ ಮೇ 29ರಂದು ಒಬಾಮಾ ಅವರ ಸಲಹೆಗಾರ್ತಿಯಾಗಿದ್ದ ವ್ಯಾಲೆರಿ ಜ್ಯಾರೆಟ್ ಬಗ್ಗೆ ಜನಾಂಗೀಯ ಟ್ವೀಟ್ ಮಾಡಿದಾಗ ಎಬಿಸಿ ವಾಹಿನಿ ಕೆಲವೇ ಗಂಟೆಗಳಲ್ಲಿ ಅವರ ಧಾರಾವಾಹಿಯನ್ನು ರದ್ದುಪಡಿಸಿತು. ನಿದ್ರೆ ಮಾತ್ರೆ ನುಂಗಿ ಬರೆದೆ ಎಂದು ಅವರು ಹೇಳಿಕೊಂಡರೆ, ತಮ್ಮ ಔಷಧದ ಅಡ್ಡಪರಿಣಾಮಗಳಲ್ಲಿ ಜನಾಂಗೀಯ ದ್ವೇಷ ಇರುವುದು ತಿಳಿದಿಲ್ಲ ಎಂದು ಮಾತ್ರೆಯ ಕಂಪನಿಯೇ ಉತ್ತರಿಸಿತು. ನಿಮ್ಮ ಅಣ್ಣನವರ ಸುತ್ತಲಿರುವವರು ಇಂಥ ನೆಪ ಹುಡುಕುತ್ತಿದ್ದರೆ ದಯವಿಟ್ಟು ತಡೆಯಿರಿ.

ಹೋಲಿಸಿ ನೋಡುವುದಾದರೆ, ಗಾಯಕ ಸೋನು ನಿಗಮ್ 2025ರಲ್ಲಿ ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ, ಕನ್ನಡ ಹಾಡು ಕೇಳಿದ ಯುವಕನ ಒತ್ತಾಯವನ್ನು ಪಹಲ್ಗಾಮ್ ದಾಳಿಯ ಜೊತೆ ಸೇರಿಸಿ ಮಾತನಾಡಿ, ಮೊದಲು ಸಮರ್ಥನೆ ಕೊಟ್ಟು, ಅದರಿಂದ ಕಾವು ಇನ್ನಷ್ಟು ಏರಿದ ಮೇಲೆ, ನನ್ನ ಅಹಂಕಾರಕ್ಕಿಂತ ಕರ್ನಾಟಕದ ಮೇಲಿನ ಪ್ರೀತಿ ದೊಡ್ಡದು ಎಂಬರ್ಥದಲ್ಲಿ “ಸಾರಿ” ಕೇಳಿದರು. ಸಮರ್ಥನೆಯ ಆ ನಡುವಿನ ಹಂತವೇ ಇಲ್ಲದಿದ್ದರೆ ಅವರಿಗೂ ಒಳ್ಳೆಯದಿತ್ತು, ನಮಗೂ.

ನೀವು ಸುಮ್ಮನಿರಬೇಕೇ ಎಂಬ ಪ್ರಶ್ನೆಗೆ ಸ್ವಲ್ಪ ಕಠಿಣವಾಗಿಯೇ ಉತ್ತರಿಸಬೇಕಾಗಿದೆ. 2025ರ ಜುಲೈನಲ್ಲಿ, ಚಿತ್ರನಟರೊಬ್ಬರು ಆರೋಪಿಯಾಗಿರುವ ಕೊಲೆ ಪ್ರಕರಣದ ಬಗ್ಗೆ, ಸತ್ತವರ ಕುಟುಂಬಕ್ಕೆ ನ್ಯಾಯ ಸಿಗಲಿ ಎಂಬ ಧಾಟಿಯಲ್ಲಿ ರಮ್ಯಾ ಇನ್‌ಸ್ಟಾಗ್ರಾಂನಲ್ಲಿ ಬರೆದರು. ಅದಕ್ಕೆ ಆ ನಟನ ಅಭಿಮಾನಿಗಳೆಂದು ಹೇಳಿಕೊಂಡವರಿಂದ ಬಂದದ್ದು ಅತ್ಯಾಚಾರದ, ಕೊಲೆಯ ಬೆದರಿಕೆ. 43 ಖಾತೆಗಳ ವಿವರದೊಂದಿಗೆ ಅವರು ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟರು, ಬಂಧನಗಳಾದವು. ಅಭಿಮಾನದ ಹೆಸರಿನಲ್ಲಿ ರಾತ್ರಿ ಫೋನು ಹಿಡಿದು ಕುಳಿತವರು ಬೆಳಗಾಗುವಷ್ಟರಲ್ಲಿ ಆರೋಪಿಗಳಾಗಿದ್ದರು. ಅವರ ಪರವಾಗಿ ಕೋರ್ಟಿಗೆ ಅಲೆಯುವುದು ಅವರ ಮನೆಯವರು, ತಾರೆಯಲ್ಲ. ನಿಮ್ಮ ಅಣ್ಣ ತಪ್ಪು ಬರೆದಾಗ “ಅಣ್ಣ, ಇದು ಸರಿಯಲ್ಲ” ಎಂದು ಅವರ ಪೋಸ್ಟಿನ ಕೆಳಗೆ ಮೊದಲು ಬರೆಯಬೇಕಾದವರು ನೀವು. ಹೊರಗಿನವರ ಸಾವಿರ ಮಾತಿಗೆ ಬಗ್ಗದವರು ಸಂಘದ ಹುಡುಗರ ಒಂದು ಮಾತಿಗೆ ಬಗ್ಗುತ್ತಾರೆ.

ಪ್ರಶ್ನೆ: ಹತ್ತು ವರ್ಷದ ಹಿಂದಿನ ಪೋಸ್ಟ್‌ಗಳನ್ನು ಹುಡುಕಿ ತೆಗೆದು ಈಗ ಗಲಾಟೆ ಮಾಡುವುದು ಸರಿಯೇ?
– ಓದುಗರೊಬ್ಬರು, ಯಲಹಂಕ

ಉತ್ತರ: ಸಾಮಾನ್ಯವಾಗಿ ಸರಿಯಲ್ಲ. ಹುಡುಕಿದವರು ಯಾರು, ಅವರಿಗೆ ಈಗ ನೆನಪಾದದ್ದು ಯಾಕೆ ಎಂದು ಮೊದಲು ಕೇಳಿಕೊಳ್ಳಿ. ತಮಿಳು ನಟ ಸತ್ಯರಾಜ್ ಅವರು 2008ರಲ್ಲಿ ಕನ್ನಡಿಗರ ವಿರುದ್ಧ ಆಡಿದ ಮಾತು ಕನ್ನಡಿಗರಿಗೆ ಬಲವಾಗಿ ನೆನಪಾದದ್ದು 2017ರಲ್ಲಿ, ಅವರು ನಟಿಸಿದ ಭಾರೀ ಚಿತ್ರವೊಂದರ ಬಿಡುಗಡೆ ಹತ್ತಿರವಾದಾಗ. ಅವರು ವಿಷಾದ ವ್ಯಕ್ತಪಡಿಸಿದರು, ಚಿತ್ರ ಬಿಡುಗಡೆಯಾಯಿತು. ಹಾಲಿವುಡ್ ನಿರ್ದೇಶಕ ಜೇಮ್ಸ್ ಗನ್ ಅವರನ್ನು ಹಳೆಯ ಟ್ವೀಟ್‌ಗಳಿಗಾಗಿ 2018ರ ಜುಲೈನಲ್ಲಿ ತೆಗೆದುಹಾಕಿದ ಡಿಸ್ನಿ ಕಂಪನಿ 2019ರ ಮಾರ್ಚ್‌ನಲ್ಲಿ ಮತ್ತೆ ಕರೆದುಕೊಂಡಿತು. ಆ ಮನುಷ್ಯ ಇವತ್ತೂ ಅದನ್ನೇ ಹೇಳುತ್ತಿದ್ದರೆ ಅದು ಬೇರೆ ಮಾತು, ಆಗ ಹಳೆಯದು ಸಾಕ್ಷ್ಯವಾಗುತ್ತದೆ.

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿನಿ. ಹೆಸರಾಂತ ಹಾಸ್ಯಗಾರರೊಬ್ಬರು ಕಪ್ಪು ಬಣ್ಣದ ಹುಡುಗಿಯರ ಬಗ್ಗೆ ಹಾಕಿದ ರೀಲ್ ನೋಡಿ ನನಗೆ ಮತ್ತು ಗೆಳತಿಯರಿಗೆ ತುಂಬಾ ಬೇಸರವಾಗಿದೆ. ಪೊಲೀಸರಿಗೆ ದೂರು ಕೊಡೋಣ ಎಂದು ಕೆಲವರು ಹೇಳುತ್ತಿದ್ದಾರೆ. ಕೊಡಬಹುದೇ?
– ಓದುಗರೊಬ್ಬರು, ಜಯನಗರ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು, ಆದರೆ ಠಾಣೆ ಅದಕ್ಕೆ ತಕ್ಕ ಜಾಗವಲ್ಲ. ಕಿರಿಕಿರಿ ಉಂಟುಮಾಡುವ, ಅವಹೇಳನದ ಸಂದೇಶಗಳಿಗೆ ಮೂರು ವರ್ಷದವರೆಗೆ ಜೈಲುಶಿಕ್ಷೆಗೆ ದಾರಿಯಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು, ಶ್ರೇಯಾ ಸಿಂಘಲ್ ಪ್ರಕರಣದಲ್ಲಿ, ರದ್ದುಪಡಿಸಿತು. ಚರ್ಚೆ ಮಾಡುವುದು, ಒಂದು ನಿಲುವಿನ ಪರ ವಾದಿಸುವುದು, ಪ್ರಚೋದನೆ ಕೊಡುವುದು ಇವು ಬೇರೆ ಬೇರೆ. ಮಾತು ಪ್ರಚೋದನೆಯ ಮಟ್ಟ ಮುಟ್ಟಿದಾಗಲಷ್ಟೇ ಕಾನೂನು ಕೈಹಾಕಬಹುದು ಎಂಬುದು ಆ ತೀರ್ಪಿನ ತಿರುಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಗುಂಪುಗಳ ನಡುವೆ ವೈರ ಬೆಳೆಸುವ ಮಾತಿಗೆ ಇರುವುದು. ಕೀಳು ಅಭಿರುಚಿಯ ಹಾಸ್ಯಕ್ಕೆ ಅದನ್ನು ಎಳೆದು ತಂದರೆ ನಾಳೆ ಅದೇ ಸೆಕ್ಷನ್ ನಿಮ್ಮ ಮೇಲೂ ಬೀಳಬಹುದು. ನಮ್ಮ ಊರಿನಲ್ಲೇ ನಟ ಚೇತನ್ 2022ರಲ್ಲಿ ನ್ಯಾಯಮೂರ್ತಿಯೊಬ್ಬರ ಕುರಿತ ಟ್ವೀಟಿಗೆ, 2023ರಲ್ಲಿ ಹಿಂದುತ್ವದ ಕುರಿತ ಟ್ವೀಟಿಗೆ ಬಂಧನಕ್ಕೊಳಗಾದರು. ಅವರ ಮಾತನ್ನು ಒಪ್ಪದವರೂ, ಟ್ವೀಟ್ ಬರೆದವರನ್ನು ಜೈಲಿಗೆ ಕಳಿಸುವ ರೂಢಿಯನ್ನು ಒಪ್ಪಬಾರದು ಎಂಬುದು ನನ್ನ ಅಭಿಪ್ರಾಯ.

ಪೊಲೀಸರ ಬಳಿ ಹೋಗಬೇಕಾದದ್ದು ಬೇರೆ ಸಂದರ್ಭದಲ್ಲಿ: ನಿಮ್ಮನ್ನೋ ನಿಮ್ಮ ಗೆಳತಿಯನ್ನೋ ಹೆಸರಿಟ್ಟು ಬೆದರಿಸಿದರೆ, ಅಶ್ಲೀಲ ಚಿತ್ರ ಕಳಿಸಿದರೆ, ಮನೆ ವಿಳಾಸ ಬಯಲು ಮಾಡಿದರೆ. ಆಗ ಸ್ಕ್ರೀನ್‌ಶಾಟ್, ಖಾತೆಯ ಕೊಂಡಿ, ಸಮಯ ಮೂರನ್ನೂ ತೆಗೆದಿಟ್ಟುಕೊಂಡು, ಅಳಿಸುವ ಮುನ್ನವೇ, ಸೈಬರ್ ಅಪರಾಧ ಠಾಣೆಗೆ ಹೋಗಿ.

ಈ ರೀಲಿನ ಮಟ್ಟಿಗೆ ಹೇಳುವುದಾದರೆ, ಆ ಹಾಸ್ಯಗಾರರು ಯಾವ ಕಂಪನಿಯ ಜಾಹೀರಾತು ಮಾಡುತ್ತಾರೆಂದು ನೋಡಿ, ಆ ಕಂಪನಿಯ ಗ್ರಾಹಕ ವಿಭಾಗಕ್ಕೆ ನೀವು ಗೆಳತಿಯರೆಲ್ಲ ಪ್ರತ್ಯೇಕವಾಗಿ ಒಂದೊಂದು ಮೇಲ್ ಬರೆಯಿರಿ. ಒಬ್ಬರು ಬರೆದದ್ದನ್ನೇ ಎಲ್ಲರೂ ನಕಲು ಮಾಡಬೇಡಿ, ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ರೀಲಿನ ಕೊಂಡಿ, ಹಾಕಿದ ದಿನಾಂಕ, ಅದರಲ್ಲಿ ಆಡಿದ ಮಾತು ಇವನ್ನು ಇದ್ದದ್ದು ಇದ್ದಹಾಗೆ ಸೇರಿಸಿ. ಆ ಕಂಪನಿಯ ಯಾವ ವಸ್ತುವನ್ನು ನೀವು ಈಗ ಬಳಸುತ್ತಿದ್ದೀರಿ ಎಂಬುದನ್ನು ಬರೆಯಲು ಮರೆಯಬೇಡಿ. ಜಾಲತಾಣದಲ್ಲಿ ಬರೆಯುವುದಾದರೆ ರೀಲನ್ನು ಮತ್ತೆ ಹಂಚದೆ ನಿಮ್ಮ ಮಾತನ್ನಷ್ಟೇ ಬರೆಯಿರಿ, ಮತ್ತು ಅವರ ಹೆಂಡತಿ ಮಕ್ಕಳ ಖಾತೆಗಳನ್ನು ಟ್ಯಾಗ್ ಮಾಡಬೇಡಿ.